ಲಾಂಚು ದಡಕ್ಕೇ ಬರ್ತದೆ

…ಅಯ್ಯೋ, ಇನ್ನೂ ನಿಂತೇ ಇದೀರಲ್ಲ! ಕೂತ್ಕಳಿ ಅಳಿಯಂದ್ರೇ, ಚಾಪೆ ಹಾಸಿದೀನಿ. ಬೆಲ್ಲ ಬಾಯಿಗೆ ಹಾಕ್ಕಂಡು ನೀರು ಕುಡೀರಿ. ಹೊನ್ನಾವರ ಎಲ್ಲಿ, ನಮ್ಮ ತೊಗರ್ಸಿ ಎಲ್ಲಿ… ಬೇಡ್ವಾ? ಆಗ್ಲಿ, ಆಮೇಲೇ ಆಗ್ಲಿ. ಇಲ್ಲೇ ಇಟ್ಟಿರ್ತೀನಿ.

ಮೆತ್ತಗೆ ಮಾತಾಡಾಣ, ವರದಾ ಈಗಷ್ಟೇ ಕಣ್ಣು ಮುಚ್ಚಿದಾಳೆ. ಅವರವ್ವ ಪಕ್ಕದಲ್ಲೇ ಕೂತಿದಾಳೆ. ಜ್ವರ ಬಿಟ್ಟು ನಾಲ್ಕು ದಿನ ಆಯ್ತು. ಗಂಜಿ ಕುಡೀತಾಳೆ… ಕುಡೀತಾಳೆ ಅಂದ್ರೆ, ಅವರವ್ವ ಅತ್ರೆ ಕುಡೀತಾಳೆ. ಮಗು… ಮಗು ಉಳೀಲಿಲ್ಲ ಅಂತ ತಂತಿ ಕೊಟ್ಟಿದ್ನಲ್ಲ. ಗಂಡು ಅಂತ ಬರ್ಸೋಕೆ ಮನ್ಸು ಬರ್ಲಿಲ್ಲ. ಗಂಡು ಮಗು, ಅಳಿಯಂದ್ರೇ. ತಲೆ ತುಂಬಾ ಕೂದ್ಲಿತ್ತು. ನಾನೇ ಎತ್ಕಂಡು ಹೋದೆ, ಹೊಲದ ಬದೀಗೆ. ನನ್ನ ಹೆಗಲ ಮೇಲಿನ ಟವಲ್ಲಲ್ಲೇ ಸುತ್ಕಂಡು… ಬಿಡಿ. ಇದನ್ನ ನಿಮಗೆ ಹೇಳಬಾರದಿತ್ತು.

ಯಾಕೆ ಹಂಗೆ ನೋಡ್ತೀರಿ?

ನಾನು ವಿಚಾರಿಸ್ದೆ ಕಣ್ರೀ! ನೀವು ಬರ್ದ ಹಂಗೇ ವಿಚಾರಿಸ್ದೆ. ನಿಮ್ಮ ಕಾಗದ ಇನ್ನೂ ಜೇಬಲ್ಲೇ ಇದೆ, ನೋಡಿ. "ಹೊಳೆಯ ಮೇಲೆ ಗೇರುಸೊಪ್ಪೆವರೆಗೆ ಲಾಂಚಿನಲ್ಲಿ ಕಳಿಸಿದರೆ ಅವಳಿಗೆ ಮೈ ಅಲುಗುವುದಿಲ್ಲ. ಆದರೆ ಬೇಸಿಗೆಯಲ್ಲಿ ನೀರು ಇಳಿದಾಗ ಲಾಂಚು ದಡಕ್ಕೆ ಬರುವುದಿಲ್ಲವಂತೆ, ನಡುಹೊಳೆಯಲ್ಲೇ ನಿಲ್ಲಿಸಿ ಸಣ್ಣ ದೋಣಿಗೆ ಇಳಿಸುತ್ತಾರಂತೆ. ಇಲ್ಲಿಯವರು ಟಿಕೀಟು ಮಾರುವವರು, ಬರುತ್ತದೆ ಅಂತಲೇ ಹೇಳುತ್ತಾರೆ. ಆ ಕಡೆಯ ಬಸ್ಸಿನವರನ್ನು ತಾವು ಕೇಳಿ ಬರೆಯಬೇಕು. ಬರುವುದಿಲ್ಲವಾದರೆ ಒಂಬತ್ತನೇ ತಿಂಗಳಲ್ಲಿ ನಾನೇ ರಜೆ ಹಾಕಿ ಬಸ್ಸಿನಲ್ಲಿ ಕರೆತರುತ್ತೇನೆ." ಎಷ್ಟು ಬಿಡಿಸಿ ಬರ್ದಿದೀರಿ! ನನಗೇನು ಅರ್ಥ ಆಗದೇ ಇರೋ ಮಾತಾ?

ಏಳು ತಿಂಗಳು ತುಂಬ್ತಾ ಬಂದಿತ್ತು. ಎಂಟರಲ್ಲಿ ಬಸುರೀನ ಹೊಳೆ ದಾಟ್ಸಬಾರದು ಅಂತ ನಿಮ್ಮತ್ತೇದು ಒಂದೇ ಹಟ. ಒಂಬತ್ತರವರೆಗೂ ಕಾಯೋಕೆ ನಂಗೇ ತಾಳ್ಮೆ ಇರ್ಲಿಲ್ಲ, ಸುಳ್ಳು ಯಾಕೆ ಹೇಳ್ಲಿ. ಒಬ್ಳೇ ಮಗಳು! ನಿಮ್ಮನ್ನ ಶಿಕಾರಿಪುರದ ಕಛೇರೀಲಿ ನೋಡಿ ಕೊಟ್ಟೋರು ನಾವು. ಕನ್ನಡದೋರೆಲ್ಲ ಒಂದಾದ್ರು ಅಂತ ಊರಲ್ಲಿ ಪಟಾಕಿ ಹಚ್ಚಿದೋನೂ ನಾನೇ. ಒಂದಾಗಿದ್ದಕ್ಕೆ ನಿಮ್ಮನ್ನ ಸಮುದ್ರದ ಬದೀಗೆ ವರ್ಗ ಮಾಡ್ತಾರೆ ಅಂತ ಯಾರು ಕಂಡಿದ್ರು!

ಹೂಂ, ವಿಚಾರಿಸಿದ್ದು… ಅದಕ್ಕೇ ಅಂತ ಶಿಕಾರಿಪುರಕ್ಕೆ ಹೋದೆ. ಸಾಗರದ ಬಸ್ಸಿನ ಡ್ರೈವರ್ ಆನಂದಪ್ಪ ಇದಾನಲ್ಲ, ಮೊದ್ಲು ಘಟ್ಟದ ಲೈನಲ್ಲೇ ಇದ್ದೋನು, ಆ ದಡ ಎಲ್ಲ ಅವನಿಗೆ ಗೊತ್ತು. ಅವನ್ನ ನಿಲ್ಸಿ ಕೇಳ್ದೆ. ಸ್ಟೇರಿಂಗ್ ಮೇಲಿನ ಕೈ ತೆಗ್ದು, ಎದೆ ಮುಟ್ಕಂಡು ಹೇಳ್ದ, "ಲಾಂಚು ದಡಕ್ಕೇ ಬರ್ತದೆ ಬೆನಕಪ್ಪನೋರೇ, ಹೆಂಗಸ್ರು ಕಾಲು ಒದ್ದೆ ಆಗದಂಗೆ ಇಳೀತಾರೆ" ಅಂತ. ಅಷ್ಟು ಸಾಲ್ದು ಅಂತ ಅವನಿಗೆ ಚಾ ಕುಡ್ಸಿ ಇನ್ನೊಂದ್ಸಲ ಕೇಳ್ದೆ. ಬೆಂಚಿನ ಮೇಲೆ ಕೂತು ಅದನ್ನೇ ಹೇಳ್ದ…

ಯಾಕ್ರೀ ನಗ್ತೀರಿ? ನಗ್ಲಿಲ್ವಾ? …ನಗು ಅಂತ ಕಾಣ್ತು ನಂಗೆ. ಮೊದ್ಲು ಬಸ್ಸಲ್ಲಿ ಹೇಳ್ದ, ಆಮೇಲೆ ಹೋಟ್ಲಲ್ಲಿ ಹೇಳ್ದ. ಎರಡು ಕಡೆ ಹೇಳಬಾರದು ಅಂತ ಇದ್ಯಾ?

ಅವಳು ಬಂದ ದಿನ ಗೇರುಸೊಪ್ಪೆ ದಡದಲ್ಲಿ ನಾನೇ ನಿಂತಿದ್ದೆ. ಎರಡು ಕಣ್ಣಿಂದ ನೋಡ್ದೆ. ಲಾಂಚು ಬಂತು, ಬಂತು… ದೂರದಲ್ಲೇ ಗಕ್ಕನೆ ನಿಂತ್ಬಿಡ್ತು. ಸಪ್ಪಳ ನಿಂತೋಯ್ತು. ಒಬ್ಬ ದೋಣಿ ಹುಟ್ಟು ಹಾಕ್ಕಂಡು ಅದರ ಹತ್ರ ಹೊಂಟ. ಇದೇನಪ್ಪಾ ಇದು, ಈಚೆ ಬರ್ಲಿ ಅಂತ ಹೇಳ್ರೋ, ನನ್ನ ಮಗಳು ಬಸುರಿ ಅಂತ ಹೇಳ್ರೋ ಅಂತ ಕೂಗ್ದೆ. ಯಾರು ಕೇಳ್ತಾರೆ? ವರದಾ ನನ್ನ ನೋಡಿದ್ಲು. "ಅಪ್ಪಾ!" ಅಂದ್ಲು. ಕೈ ಎತ್ತಿದ್ಲು. ಕಾಲು ದೋಣೀಲಿ ಇಡೋದಕ್ಕೂ ದೋಣಿ ಒಂದು ಮೊಳ ಸರಿಯೋದಕ್ಕೂ… ದೋಣಿ ಅಂಚಿನ ಹಲಗೆ ಮೇಲೇ ಬಿದ್ಲು. ಹೊಟ್ಟೆ ಕೊಟ್ಟು ಬಿದ್ಲು. ಇದನ್ನೆಲ್ಲ ಜೊತೇಲಿ ಬಂದಿದ್ದ ನಿಮ್ಮಾಫೀಸಿನ ಜವಾನನ ಹೆಂಡ್ತಿ ವಾಪಸ್ ಬಂದು ಹೇಳಿರ್ಬೇಕಲ್ಲ. ಮನೆ ಮುಟ್ಟಿದ ಮೂರನೇ ದಿನ ನೋವು ಬಂತು.

ವರದಾನೇ ಹೇಳ್ತಾಳೆ. ದಿನಾ ಹೇಳ್ತಾಳೆ. "ದೋಣಿಯವ ತಡೀ ಅಂದ, ನಾನೇ ನಿನ್ನ ನೋಡಿ ಆತ್ರ ಬಿದ್ದೆ. ನನ್ನ ಮಗೂನ ನಾನೇ ಕಳ್ಕಂಡೆ ಅಪ್ಪಾ, ಅವರಿಗೆ ಹೆಂಗೆ ಮುಖ ತೋರಿಸ್ಲಿ" ಅಂತ. ನಾನು ತಲೆ ಸವರ್ತೀನಿ… ತಲೆ ಸವರ್ತೀನಿ, ಎದ್ದು ಕೊಟ್ಟಿಗೆಗೆ ಹೋಗ್ತೀನಿ.

ಅಳಿಯಂದ್ರೇ, ಏನಾದ್ರೂ ಮಾತಾಡಿ. ದಾರೀಲಿ ತೊಂದ್ರೆ ಏನೂ ಆಗ್ಲಿಲ್ವಲ್ಲ? ಶಿಕಾರಿಪುರಕ್ಕೆ ಯಾವ ಬಸ್ಸಲ್ಲಿ ಬಂದ್ರಿ?

ಸಾಗರದ್ದಾ…

ಹೌದಲ್ಲ, ಆ ಕಡೆಯಿಂದ ಬರೋಕೆ ಅದೇ ಅಲ್ವಾ ಇರೋದು. ಆನಂದಪ್ಪನೇ ಇದ್ನಾ? …ಮಾತಾಡ್ಸಿದ್ರಾ ಅವನ್ನ? …ಏನಂದ? ಮರ್ತಿರ್ತಾನೆ ಅವನು! ದಿನಕ್ಕೆ ನೂರು ಜನ ನೂರು ಕೇಳ್ತಾರೆ… ಏನಂದ ಅಳಿಯಂದ್ರೇ? ಬೆನಕಪ್ಪ ಅಂದ್ರೆ ಯಾರು ಅಂದ್ನಾ? ಬೈಯ್ರಿ ಬೇಕಾದ್ರೆ. ಕೈ ಎತ್ತಿ ಬೇಕಾದ್ರೆ. ಹಿಂಗೆ ಕೂತ್ಕಬೇಡಿ ನನ್ನ ಮುಂದೆ…

ಕಾಣ್ಲೇ ಇಲ್ಲ. ಅವನ್ನ ನಾನು ಕಾಣ್ಲೇ ಇಲ್ಲ.

ಅವತ್ತು ಅವನ ಬಸ್ಸು ಬರೋಕೆ ಇನ್ನೂ ಒಂದು ತಾಸು ಇತ್ತು. ಬಸ್ ನಿಲ್ದಾಣದ ಹೋಟ್ಲಲ್ಲಿ ಕೂತೆ. ಗಲ್ಲಾಪೆಟ್ಟಿಗೆ ಹತ್ರ ಹೋಟ್ಲಿನ ಉಚ್ಚಂಗಪ್ಪ ಇದ್ದ. ಸುಮ್ನಿರದೆ ಅವನ್ನೇ ಕೇಳ್ದೆ, "ಈ ಲಾಂಚು ಅಂತಾರಲ್ಲ, ಅದು ದಡಕ್ಕೆ ಬರ್ತದೋ, ನೀರಲ್ಲೇ ನಿಲ್ತದೋ?" ಅಂತ. ಅವನು ಎಲ್ಲರಿಗೂ ಕೇಳೋ ಹಂಗೆ, "ಬೆನಕಪ್ಪನೋರು ತೊಗರ್ಸಿ ಕೆರೇಲಿ ಲಾಂಚು ಬಿಡ್ತಾರಂತೆ ಕಣ್ರೋ!" ಅಂದ. ಇಡೀ ಹೋಟ್ಲು ನಕ್ತು. ಎಲೆ ಎತ್ತೋನೂ ನಕ್ಕ. ನನಗೆ… ಹೊಲದ ಗಡಿಯ ಬಾಂದುಕಲ್ಲು ಎಲ್ಲಿತ್ತು ಅಂತ ಅಮಲ್ದಾರ್ರು ಊರಿಗೆ ಬಂದ್ರೆ ನನ್ನ ಕೇಳ್ತಾರೆ ಕಣ್ರೀ. ನಾನು ಹೇಳಿ ಅಭ್ಯಾಸ ಆದೋನು, ಕೇಳಿ ಅಭ್ಯಾಸ ಇಲ್ಲ. ಕಿವಿ ಎಲ್ಲ ಬಿಸಿ ಆಗ್ಹೋಯ್ತು. ಇನ್ನೊಬ್ಬನ್ನ ಕೇಳೋದು, ಅವನೂ ನಗೋದು… ಬೇಡ ಅಂತ ಎದ್ದು ಬಂದ್ಬಿಟ್ಟೆ.

ನಮ್ಮ ಕೆರೇಲಿ ತೆಪ್ಪ ಬಿಟ್ರೆ ಏರಿಗೇ ಬಂದು ತಾಗ್ತದೆ. ದಡಕ್ಕೆ ಬರ್ದೇ ಇದ್ಮೇಲೆ ಅದೆಂಥ ದೋಣಿ ಅಂತ ನನ್ನಷ್ಟಕ್ಕೆ ನಾನೇ ಅಂದ್ಕಂಡೆ. ಸೀದಾ ಅಂಚೆ ಕಛೇರಿಗೆ ಹೋದೆ. ಅಲ್ಲೇ ನಿಂತು ಕಾರ್ಡು ಬರ್ದೆ. "ಕೂಲಂಕಷ ವಿಚಾರಿಸಿದ್ದೇನೆ. ಲಾಂಚು ದಡಕ್ಕೇ ಬರುತ್ತದೆ. ಧೈರ್ಯವಾಗಿ ಕಳಿಸಿ." ಡಬ್ಬಿಗೆ ಹಾಕಿ ಈಚೆ ಬಂದಾಗ ಸಾಗರದ ಬಸ್ಸು ಬರೋದು ಕಾಣ್ತು. ನೋಡ್ಕಂಡೇ ಊರ ಕಡೆ ಹೆಜ್ಜೆ ಹಾಕ್ದೆ ನಾನು. ನೋಡ್ಕಂಡೇ!

ಎಲ್ಲಿಗೆ ಎದ್ರಿ? ಒಳಗಾ? ಅವಳಿಗೆ ಹೇಳೋಕಾ? …ಬೇಡ ಅಳಿಯಂದ್ರೇ. ಕಾಲು ಹಿಡೀತೀನಿ. ಅವಳವ್ವನಿಗೂ ಗೊತ್ತಿಲ್ಲ. ಅಪ್ಪಂಗೆ ಎಲ್ಲಾ ಗೊತ್ತು ಅಂದ್ಕಂಡೇ ಬೆಳೆದೋಳು ಅವಳು, ನನ್ನ ಮುಖಾನೇ ನೋಡ್ಲಿಕ್ಕಿಲ್ಲ ಆಮೇಲೆ. ನಾನು ಹೋದ್ಮೇಲೆ ಬೇಕಾದ್ರೆ ಹೇಳಿ…

ಏನು? …ಆ ಶಬ್ದವಾ? ನಿದ್ದೇಲಿ ಅಳ್ತಾಳೆ. ಹೌದು, ದಿನಾ ಹಿಂಗೇ. ಎದ್ದು ಕೂತ್ಕಂಡು ಎರಡೂ ಕೈಯಿಂದ ತನ್ನ ಕಾಲಿಗೇ ಹೊಡ್ಕತಾಳೆ. ಈ ಕಾಲೇ, ಈ ಕಾಲೇ ಅಂತಾಳೆ…

ತಡೀರಿ. ನೀವು ಹೋಗಬೇಡಿ. ದಾರಿ ಬಿಡಿ, ನಾನೇ ಹೋಗ್ತೀನಿ.

ವರದಾ… ವರದಾ, ಹೊಡ್ಕಬೇಡ. ಇಲ್ಲಿ ನೋಡು, ನನ್ನ ನೋಡು. ನಿನ್ನ ಕಾಲು ಏನೂ ಮಾಡ್ಲಿಲ್ಲ ಮಗಾ. ಲಾಂಚು ದಡಕ್ಕೆ ಬರ್ತದಾ ಕೇಳಿ ಬರೀರಿ ಅಂತ ನಿನ್ನ ಗಂಡ ನಂಗೆ ಕಾಗದ ಹಾಕಿದ್ರು. ನಾನು ಕೇಳ್ಲೇ ಇಲ್ಲ.