ಮಂಚದ ಆರೈಕೆ

ತುಮಕೂರಿನ ಆಸ್ಪತ್ರೆಯಲ್ಲಿ ಸರದಿಗೆ ಕೂತಿದ್ದ ಕರಿಬಸವಯ್ಯನ ಕಿವಿಗೆ ಪಕ್ಕದ ಗಂಡ ಹೆಂಡತಿಯ ಮಾತು ಬಿತ್ತು. ಹೆಂಗಸಿನ ಕಾಲಿನ ಉಬ್ಬಿದ ನರಕ್ಕೆ ಲೇಸರ್ ಮಾಡಿಸಿ ವಾರವಾಗಿತ್ತು. ಈಗ ಕಾಲು ಊದಿತ್ತು.

“ಡಾಕ್ಟ್ರು ಅವತ್ತೇ ನಡೀರಿ ಅಂದ್ರು. ನೀವು ಮಂಚ ಇಳಿಯಕ್ಕೇ ಬುಡ್ಲಿಲ್ಲ.”

“ನಂಗೆ ಕಾಲು ಕುಯ್ದು ನರ ಕಿತ್ತಾಗ ತಿಂಗಳು ಮಲಗಿದ್ನಲ್ಲೇ. ನಿಂಗೂ ಹಂಗೇ ಅನ್ಕಂಡೆ.”

“ಇದು ಬರೀ ಸೂಜಿ ತೂತು ಕಣ್ರೀ.”

“ಹೆಂಡ್ತೀಗೆ ಮುದ್ದೆ ಮಂಚಕ್ಕೇ ತಂದ್ಕೊಡ್ತೀನಿ ಅಂತ ನಮ್ಮೂರು ಕಡಬಕ್ಕೆಲ್ಲ ಹೇಳ್ಕಂಡು ತಿರುಗ್ದೆ. ಈಗ ಡಾಕ್ಟ್ರಿಗೆ ಯಾವ ಮುಖ ತೋರಿಸ್ಲಿ?”

ನರ್ಸ್ ಬಂದು ಕಾಲು ನೋಡಿ ಸಿಡುಕಿದಳು: “ಶಿವನಂಜಮ್ಮ, ಮಲಗೇ ಇರಿ ಅಂತ ಯಾರು ಹೇಳಿದ್ದು?”

“ಯಾರೂ ಇಲ್ಲ ಕಣವ್ವ, ನಂದೇ ಸೋಮಾರಿತನ,” ಎಂದಳು ಶಿವನಂಜಮ್ಮ.

ಗಂಡನಿಗೆ ನಾಲ್ಕು ಮಾತು ಬಯ್ಯಲು ಬಾಯಿ ತೆರೆದಿದ್ದ ಕರಿಬಸವಯ್ಯ ತನ್ನ ಕಾಲು ಒಳಗೆಳೆದುಕೊಂಡು ಅವರಿಗೆ ದಾರಿ ಬಿಟ್ಟ. ಆ ಮನುಷ್ಯ ತಲೆ ಎತ್ತದೆ, ಹೆಂಡತಿಯ ಚಪ್ಪಲಿ ಕೈಗೆತ್ತಿಕೊಂಡು ಅವಳ ಹಿಂದೆ ಡಾಕ್ಟರ ಕೋಣೆಯೊಳಗೆ ನಡೆದ.