ಕೂಡುವ ಮೊದಲೇ ಬಂದ ಎಲೆ ಅಡಿಕೆ

ನಮ್ಮ ಕಡೆಯ ಶ್ರೀಮಂತನೊಬ್ಬನ ಕಥೆ ಹೇಳುತ್ತೇನೆ. ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಇಲ್ಲಿ ಕುಳಿತ ಯಾರಿಗೋ ಅವನು ಬೀಗನಾಗಿಬಿಡುತ್ತಾನೆ! ಮಸಾಲೆ ಪುಡಿಯ ಗಿರಣಿ ಇತ್ತು ಅವನದು. ಎಂಥ ಗಿರಣಿ? ಆ ಓಣಿಗೆ ಕಾಲಿಟ್ಟವರು ಸೀನದೆ ಮುಂದೆ ಹೋದದ್ದಿಲ್ಲ, ಅಂಥ ಗಿರಣಿ.

ಒಂದು ವರ್ಷ ಏನಾಯಿತು ನೋಡಿ. ಅವನಿಗೆ ಅರಿಶಿನ ಕೊಡುತ್ತಿದ್ದವನು ಬಣ್ಣ ಬೆರೆಸಿಬಿಟ್ಟ. ಅಡುಗೆಮನೆಯ ಹೆಣ್ಣುಮಕ್ಕಳಿಗೆ ಅದು ತಿಳಿಯದೆ ಇರುತ್ತದೆಯೇ? ಮೂಗು ಮುರಿದರು, ಅವನ ಪುಡಿ ಕೊಳ್ಳುವುದನ್ನೇ ಬಿಟ್ಟರು. ಒಳ್ಳೆಯ ಅರಿಶಿನ ಸಿಗಬೇಕು, ಇಲ್ಲವೇ ಗಿರಣಿಗೆ ಬೀಗ ಹಾಕಬೇಕು, ಅಲ್ಲಿಗೆ ಬಂತು. ಮೇಘಾಲಯದ ಬೆಟ್ಟದಲ್ಲಿ ಬಲು ಒಳ್ಳೆಯ ಅರಿಶಿನ ಬೆಳೆಯುತ್ತಾರೆ ಎಂದು ಯಾರೋ ಹೇಳಿದರು. ಗಂಡ ಹೆಂಡತಿ ಇಬ್ಬರೂ ರೈಲು ಹತ್ತಿದರು.

ಆ ಬೆಟ್ಟದ ಖಾಸಿ ಜನರಲ್ಲಿ ಮನೆ ಆಸ್ತಿ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ, ಸಂತೆಯಲ್ಲಿ ವ್ಯಾಪಾರಕ್ಕೂ ಅವರೇ ಮುಂದು. ಅಕ್ಕಂದಿರೇ, ನೀವು ನಗುತ್ತಿರುವುದು ನನಗೆ ಕಾಣಿಸುತ್ತಿದೆ! ಇವರು ಹುಡುಕಿಕೊಂಡು ಹೋದ ಅರಿಶಿನದ ಯಜಮಾನಿ ವಯಸ್ಸಾದವಳು, ತಾನೇ ಬಾಗಿಲಿಗೆ ಬಂದಳು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಏನು? ಸುಣ್ಣ ಹಚ್ಚಿದ ಎಲೆ, ಹಸಿ ಅಡಿಕೆಯ ಹೋಳು. ನೀರು ಕೊಟ್ಟಿಲ್ಲ, ಚಹಾ ಕೊಟ್ಟಿಲ್ಲ, ಕೂಡಿರಿ ಎಂದಿಲ್ಲ, ಎಲೆ ಅಡಿಕೆ ಮುಂದೆ ಹಿಡಿದಳು.

ನಮ್ಮಲ್ಲಿ ಎಲೆ ಅಡಿಕೆ ಯಾವಾಗ ಬರುತ್ತದೆ ಹೇಳಿ? ಊಟ ಆಯಿತು, ಮಾತು ಮುಗಿಯಿತು, ಎಲೆ ಅಡಿಕೆ ಬಂತು ಅಂದರೆ ಇನ್ನು ಚಪ್ಪಲಿ ಹುಡುಕಿಕೋ ಎಂದೇ ಅರ್ಥ. ಶ್ರೀಮಂತನ ಮುಖ ಕೆಂಪಾಯಿತು. ತಟ್ಟೆ ಮುಟ್ಟಲಿಲ್ಲ, ಕೈ ಮುಗಿದ, ತಿರುಗಿ ನಡೆದೇಬಿಟ್ಟ. ಯಜಮಾನಿಯ ಮುಖವೂ ಬಾಡಿತು. ಅವಳು ಬಾಗಿಲು ಹಾಕಿಕೊಂಡಳು.

ರಸ್ತೆಗೆ ಬಂದದ್ದೇ ತಡ, ಅವನು ಹೆಂಡತಿಯ ಮೇಲೆ ಹರಿಹಾಯ್ದ. “ಕೂಡ್ರಿ ಅನ್ನೂಕಿಂತ ಮೊದ್ಲ ಹೊಂಡ್ರಿ ಅಂದ್ಲಲ್ಲ! ಗಿರಣಿ ಮುಚ್ಚಿದ್ರೂ ಅಡ್ಡಿಯಿಲ್ಲ, ಆ ಮನಿ ಮೆಟ್ಟಲಾ ಮತ್ತ ತುಳಿಯೂದಿಲ್ಲ ನಾ!”

“ಹೊಂಡ್ರಿ ಅನ್ನಾಕಿ ಅಷ್ಟು ನಕ್ಕೋತ ಎದುರಿಗೆ ಬರ್ತಾಳೇನ್ರಿ? ಆಕಿ ಮಾರಿ ನೋಡಿದ್ರೇನು ನೀವು? ಬರೇ ತಟ್ಟಿ ನೋಡಿದ್ರಿ.”

“ನಿನಗೇನ್ ತಿಳೀತದ ವ್ಯಾಪಾರ?”

“ನನಗೂ ತಿಳೀದು, ನಿಮಗೂ ತಿಳೀದು. ಅದಕ್ಕ ಕೇಳೂಣು ಬರ್ರಿ. ಕೇಳಿದ್ರ ಬಾಯಿ ಸವೀತದೇನು?”

ಅವನು ಗೊಣಗುತ್ತಲೇ ಬಂದ. ಹೆಂಡತಿಯೇ ಹೋಗಿ ಯಜಮಾನಿಯ ಬಾಗಿಲು ಬಡಿದಳು, ತನ್ನ ಹರುಕು ಮುರುಕು ಹಿಂದಿಯಲ್ಲಿ ಕೇಳಿಯೇಬಿಟ್ಟಳು: “ನಮ್ಮ ಕಡೆ ಇದನ್ನ ಕೊಟ್ರ ಹೋಗಿ ಬರ್ರಿ ಅಂತ. ನಿಮ್ಮ ಕಡೆ ಏನವ್ವಾ?”

ಯಜಮಾನಿ ಪಿಳಿಪಿಳಿ ನೋಡಿದಳು. “ನಮ್ಮಲ್ಲಿ ಇದೇ ಮೊದಲ ಮಾತು. ಇದನ್ನು ಕೊಡದಿದ್ದರೆ ಬಂದವರನ್ನು ಒಳಗೆ ಕರೆದಂತೆಯೇ ಅಲ್ಲ. ಇವರು ಮುಟ್ಟದೆ ಹೋದರು, ನನಗೆ ಎಷ್ಟು ನೋವಾಯಿತು!” ಅಷ್ಟು ಹೇಳಿದವಳು ತಟ್ಟನೆ ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯೋ ದೇವರೇ! ನಾನು ಒಮ್ಮೆ ನಿಮ್ಮ ಕಡೆ ಬಂದಿದ್ದೆ, ವ್ಯಾಪಾರಸ್ಥರೊಬ್ಬರ ಮನೆಗೆ. ಊಟವಾದ ಮೇಲೆ ಎಲೆ ಅಡಿಕೆ ಕೊಟ್ಟರು. ಅಂತೂ ಈಗ ನನ್ನನ್ನು ಮನೆಯವಳು ಅಂದುಕೊಂಡರು ಎಂದು ಖುಷಿಯಾಗಿ ಚಾಪೆ ಎಳೆದು ಕೂತೆ. ಅವರು ಎದ್ದು ನಿಂತರು, ನಾನು ಕೂತೆ. ಅವರು ಆಕಳಿಸಿದರು, ನಾನು ಕೂತೆ. ಪಾಪ, ಕೊನೆಗೆ ಮತ್ತೆ ಒಲೆ ಹಚ್ಚಿದರು!”

ನಕ್ಕರು ನೋಡಿ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಶ್ರೀಮಂತ ಈ ಸಲ ಎಲೆ ಅಡಿಕೆ ಬಾಯಿಗೆ ಹಾಕಿದ. ಹಸಿ ಅಡಿಕೆ ಸ್ವಾಮಿ, ನಮ್ಮ ಪಾನ್ ಅಂಗಡಿಯದಲ್ಲ! ಕಿವಿ ಬಿಸಿಯಾಯಿತು, ಬೆವರು ಕಿತ್ತುಕೊಂಡು ಬಂತು, ಹೆಂಡತಿ ಸೆರಗಿನಿಂದ ಗಾಳಿ ಹಾಕಿದಳು. ಅವನಿಗೇ ನಗು ತಡೆಯಲಾಗಲಿಲ್ಲ. ಅರಿಶಿನದ ಮಾತು ಎಷ್ಟು ಹೊತ್ತಿನಲ್ಲಿ ಮುಗಿಯಿತು ಗೊತ್ತೇ? ಆಮೇಲೆ ಬಂದ ಚಹಾ ಆರುವುದರೊಳಗೆ ಮುಗಿಯಿತು. ಗಿರಣಿ ಉಳಿಯಿತು.

ಈಗ ನಿಮ್ಮ ಕಡೆ ಬರುತ್ತೇನೆ. ಹಿಂದಿನ ಸಾಲಿನವರೇ, ಏಳಬೇಡಿ, ಪ್ರಸಾದಕ್ಕೆ ಇನ್ನೂ ಹೊತ್ತಿದೆ.

ನಿಮ್ಮ ಬಜಾರದಲ್ಲಿ ರಾಜಸ್ಥಾನದವರ ಅಂಗಡಿ ಇಲ್ಲವೇ? ಕೇರಳದವರ ಬೇಕರಿ ಇಲ್ಲವೇ? ಒಡಿಶಾದಿಂದ ಬಂದವರು ನಿಮ್ಮ ಮನೆಯ ಗೋಡೆ ಕಟ್ಟುತ್ತಿಲ್ಲವೇ? ಅವರ ಬಗ್ಗೆ ಏನು ಮಾತಾಡುತ್ತೀರಿ, ನನಗೆ ಗೊತ್ತು. ಅವನು ನಮ್ಮ ಮನೆಯ ಊಟ ಮುಟ್ಟಲಿಲ್ಲ, ಸೊಕ್ಕು. ಇವನು ಕರೆದರೂ ಬರಲಿಲ್ಲ, ದೊಡ್ಡಸ್ತಿಕೆ. ಯಾಕಪ್ಪಾ ಎಂದು ಕೇಳಿದ್ದೀರಾ? ಕೇಳಿಲ್ಲ. ಅವನಿಂದ ಸರಕು ತಂದಿರಿ, ಅವನಿಗೆ ಸರಕು ಹಾಕಿದಿರಿ, ಆದರೂ ಕೇಳಿಲ್ಲ. ಇನ್ನೊಂದು ಗಿರಾಕಿ ಕೊಡಪ್ಪಾ ಎಂದು ದೇವರ ಮುಂದೆ ಗಂಟೆಗಟ್ಟಲೆ ನಿಲ್ಲುತ್ತೀರಿ. ದೇವರು ಕೊಟ್ಟವನು ಎದುರಿನ ಅಂಗಡಿಯಲ್ಲೇ ಕುಳಿತಿದ್ದಾನಲ್ಲ, ಅವನ ಮುಂದೆ ಒಂದು ಗಳಿಗೆ ನಿಲ್ಲಲಾರಿರಾ?

ನಾಳೆ ಶೆಟರ್ ಎತ್ತುತ್ತೀರಿ, ಗಲ್ಲಾಪೆಟ್ಟಿಗೆಗೆ ಕೈ ಮುಗಿಯುತ್ತೀರಿ. ಮುಗಿಯಿರಿ, ಬೇಡ ಎನ್ನುವುದಿಲ್ಲ. ಆಮೇಲೆ ರಸ್ತೆ ದಾಟಿ. “ಅಣ್ಣಾ, ನಿಮ್ಮಲ್ಲಿ ಇದನ್ನು ಹೇಗೆ ಮಾಡುತ್ತೀರಿ?” ಎಂದು ಕೇಳಿ, ಅವನು ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಹೀಗೆ ರಸ್ತೆ ದಾಟಿದವರಿಗೆ ಮಾತ್ರ ನನ್ನ ಮಾತು ಕಿವಿಗೆ ಬಿತ್ತು ಎಂದುಕೊಳ್ಳುತ್ತೇನೆ. ಉಳಿದವರು ಈ ಫ್ಯಾನಿನ ಗಾಳಿಗೆ ಬಂದಿದ್ದಿರಿ ಅಷ್ಟೇ.