ಎದುರುಮನೆಯ ಬ್ಯಾಟರಿ

ಭಾನುವಾರ ತುರುವೇಕೆರೆ ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕ ಗಂಡ ಹೆಂಡತಿ ಕುಳಿತಿದ್ದರು. ಮಾತೆಲ್ಲ ಅವರ ಎದುರುಮನೆಯ ವನಜಾಕ್ಷಿ ಟೀಚರ್ ಕಾರಿನದು.

“ದಿನಾ ಬೆಳಗ್ಗೆ ನಮ್ಮ ಟ್ರ್ಯಾಕ್ಟರ್ ಬ್ಯಾಟರಿಯಿಂದ ವೈರ್ ಎಳೆದು ಅವಳ ಕಾರು ಸ್ಟಾರ್ಟ್ ಮಾಡೋಕೆ ನೀವೇ ಆಗ್ಬೇಕೇನ್ರೀ?”

“ಹಳೇ ಕಾರು ಕಣೇ ಜೀವಿತಾ. ಚಾರ್ಜ್ ನಿಲ್ಲಲ್ಲ.”

“ಅದಕ್ಕೆ ನನ್ನ ತಲೆಗಿಟ್ಟಿದ್ದ ಗಾಣದ ಕೊಬ್ಬರಿ ಎಣ್ಣೇನ ಅವಳ ಬ್ಯಾಟರಿಗೆ ಸವರಿದ್ರಾ?”

“ತುಕ್ಕು ಕಟ್ಟಿತ್ತು. ಒಂಚೂರು ಹಚ್ದೆ, ಬುಡು.”

“ನಮ್ಮಣ್ಣನ ಕಾರು ಹಿಂಗೇ ಆದಾಗ ಇಂಜಿನ್ ಬೆಲ್ಟ್ ಸಡಿಲ ಆಗೈತೆ, ಅದಕ್ಕೇ ಚಾರ್ಜ್ ಆಗ್ತಿಲ್ಲ ಅಂತ ನೋಡಿದ ತಕ್ಷಣ ಹೇಳಿದ್ರಿ. ಇವಳ ಬೆಲ್ಟ್ ತಿಂಗಳಾದ್ರೂ ಕಣ್ಣಿಗೆ ಬೀಳ್ಲಿಲ್ವಾ?”

ಗಂಡ ಬಸ್ಸಿನ ದಾರಿ ನೋಡಿದ.

“ನಾಳೆ ನೋಡ್ತೀನಿ.”

“ಬೇಡ. ಇವತ್ತು ಬೆಳಗ್ಗೆ ನೀವು ತೋಟಕ್ಕೆ ಹೋದಾಗ ಅಣ್ಣನ್ನ ಕರೆಸಿ ಬಿಗಿ ಮಾಡಿಸ್ದೆ. ಈಗ ಚಾರ್ಜ್ ಆಗ್ತೈತೆ.”

“ಅವನಿಗೇನು ಗೊತ್ತು?”

“ನೀವೇ ಕಲಿಸಿದ್ದಲ್ವಾ. ಟೀಚರ್ ಅಂತೂ ಹೊಗಳಿದ್ದೇ ಹೊಗಳಿದ್ದು. ಪಾಪ, ನಿಮ್ಮ ಯಜಮಾನ್ರಿಗೆ ಇದು ಗೊತ್ತಾಗ್ಲಿಲ್ಲ ಅಂದ್ರು.”

“ನಿಮ್ಮಣ್ಣ ಊರಿಗೆ ಹೊರಟ್ನಾ?”

“ಇಲ್ಲ. ಟೀಚರ್ ಮನೇಲಿ ತಿಂಡಿಗೆ ಕೂತವ್ನೆ.”

ತಿಪಟೂರು ಬಸ್ ಬಂತು. ಹೆಂಡತಿ ನಗುತ್ತ ಹತ್ತಿ ಕಿಟಕಿ ಪಕ್ಕ ಕುಳಿತಳು. ಗಂಡ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಊರಿಗೆ ವಾಪಸ್ ಬಸ್ ಎಷ್ಟೊತ್ತಿಗೆ ಎಂದು ಕಂಡಕ್ಟರನ್ನು ಕೇಳುತ್ತಿದ್ದ.